ದಾರ ಎಷ್ಟು ಹೇಳೀತು? ಯುದ್ಧಕಾಲದ ವಾಯುಪಡೆ ಪ್ಯಾಚ್‌ಗಳ ಅಸಲಿ-ನಕಲಿ ಕಥೆ

ಹಳೆಯ ಸ್ಕ್ವಾಡ್ರನ್ ಪ್ಯಾಚ್, ಅಂದರೆ ವಾಯುಪಡೆಯ ತುಕಡಿಯೊಂದರ ಲಾಂಛನ ಹೊತ್ತ, ಜಾಕೆಟ್‌ಗೆ ಹೊಲಿಯುವ ಬಟ್ಟೆ ಅಥವಾ ಚರ್ಮದ ತುಂಡು, ಕೈಗೆ ಬಂದರೆ ಪಳಗಿದ ಸಂಗ್ರಾಹಕರು ಅದನ್ನು ಮೊದಲು ತಿರುಗಿಸಿ ನೋಡುತ್ತಾರೆ. ಮುಂದಿನ ಚಿತ್ರವನ್ನು ಫೋಟೊ ನೋಡಿ ಯಾರು ಬೇಕಾದರೂ ಹೊಲಿಯಬಹುದು. ಹೇಗೆ ಹೊಲಿದರು, ಯಾವ ಬಟ್ಟೆ ಹಾಕಿದರು, ಎಲ್ಲಿಂದ ಕಿತ್ತರು ಅನ್ನುವುದೆಲ್ಲ ಹಿಂದೆ ಕಾಣುತ್ತದೆ. ಇಷ್ಟು ನೋಡಿದ ಮೇಲೂ ಇಬ್ಬರು ಅನುಭವಿಗಳು ಒಂದೇ ಪ್ಯಾಚ್ ಬಗ್ಗೆ ಬೇರೆ ಬೇರೆ ತೀರ್ಪು ಕೊಡುವುದುಂಟು. ಇದಕ್ಕೆ ಕಾರಣ ಹುಡುಕಿದರೆ, ನಕಲಿ ಮಾಡುವವರ ಜಾಣತನಕ್ಕಿಂತ ಜಾಸ್ತಿ, ಈ ಪ್ಯಾಚ್‌ಗಳು ಹುಟ್ಟಿದ ರೀತಿಯೇ ಸಿಗುತ್ತದೆ.

ಮೊದಲ ಮಹಾಯುದ್ಧದಲ್ಲಿ ಸ್ಕ್ವಾಡ್ರನ್ ಗುರುತು ಇರುತ್ತಿದ್ದುದು ಮುಖ್ಯವಾಗಿ ವಿಮಾನದ ಮೈಮೇಲೆ. ಅಮೆರಿಕದ 94ನೇ ಏರೋ ಸ್ಕ್ವಾಡ್ರನ್ನಿನ ಉಂಗುರದೊಳಗಿನ ಟೋಪಿ ಅಂಥದ್ದು. 1931ರಲ್ಲಿ ಎ-2 ಚರ್ಮದ ಜಾಕೆಟ್ ಬಂತು. ಪೈಲಟ್‌ನ ಎದೆ ಆ ಗುರುತಿಗೆ ಒಳ್ಳೆಯ ಜಾಗವಾಯಿತು. ಎರಡನೇ ಮಹಾಯುದ್ಧ ಶುರುವಾದಾಗ ಪ್ರತಿ ತುಕಡಿಗೂ ತನ್ನದೇ ಚಿತ್ರ ಬೇಕಾಯಿತು. ಡಿಸ್ನಿ ಸ್ಟುಡಿಯೋ ಒಂದೇ ಸುಮಾರು 1,200 ಲಾಂಛನಗಳನ್ನು ದುಡ್ಡು ತೆಗೆದುಕೊಳ್ಳದೆ ಬರೆದುಕೊಟ್ಟಿತು. ಚೀನಾದಲ್ಲಿ ಹೋರಾಡಿದ ಫ್ಲೈಯಿಂಗ್ ಟೈಗರ್ಸ್ ಪಡೆಯ ರೆಕ್ಕೆಯ ಹುಲಿಯೂ ಅಲ್ಲಿಯದೇ.

ಚಿತ್ರವೇನೋ ಒಂದೇ ಕಡೆಯಿಂದ ಬಂತು. ಹೊಲಿಗೆ ಮಾತ್ರ ತುಕಡಿ ಹೋದ ಊರಲ್ಲೆಲ್ಲ ನಡೆಯಿತು. ಇಂಗ್ಲೆಂಡಿನಲ್ಲಿ ಉಣ್ಣೆಯ ಫೆಲ್ಟ್ ಮೇಲೆ ಕಸೂತಿ ಹಾಕಿದರು. ಇಟಲಿಯಲ್ಲಿ ಲೋಹದ ದಾರ ಬಳಸಿದರು. ಚೀನಾ-ಬರ್ಮಾ-ಭಾರತ ರಣರಂಗದ ಪ್ಯಾಚ್‌ಗಳನ್ನು ಭಾರತದ ಕುಶಲಕರ್ಮಿಗಳು ಜರಿಯಲ್ಲೂ ಚರ್ಮದಲ್ಲೂ ಮಾಡಿಕೊಟ್ಟರು. ಚರ್ಮದ ಮೇಲೆ ಕುಂಚದಿಂದ ಬರೆದ ಪ್ಯಾಚ್‌ಗಳಂತೂ ಒಂದರಂತೆ ಇನ್ನೊಂದಿಲ್ಲ. ಹಾಗಾಗಿ ಒಂದೇ ಸ್ಕ್ವಾಡ್ರನ್ನಿನ ಹತ್ತು ಬಗೆಯ ಪ್ಯಾಚ್ ಸಿಕ್ಕರೆ ಹತ್ತೂ ಅಸಲಿ ಇರಬಹುದು. ಅಳೆದು ನೋಡಲು ಒಂದು ಮೂಲ ಮಾದರಿಯೇ ಇಲ್ಲದ ಕಡೆ ‘ಇದು ಸ್ವಲ್ಪ ಬೇರೆ ಥರ ಇದೆ, ಹಾಗಾಗಿ ನಕಲಿ’ ಅನ್ನುವ ವಾದ ನಿಲ್ಲುವುದಿಲ್ಲ.

ವಿಯೆಟ್ನಾಂ ಯುದ್ಧ ಈ ಗೊಂದಲವನ್ನು ಇನ್ನೂ ಬಿಗಿ ಮಾಡಿತು. ಥಾಯ್ಲೆಂಡಿನ ತಖ್ಲಿ, ಕೋರಾಟ್ ನೆಲೆಗಳಿಂದ ಅಮೆರಿಕದ ಎಫ್-105 ಯುದ್ಧವಿಮಾನ ಹಾರಿಸುತ್ತಿದ್ದವರು ಉತ್ತರ ವಿಯೆಟ್ನಾಂ ಮೇಲೆ 100 ಹಾರಾಟ ಮುಗಿಸಿದರೆ ಅದಕ್ಕೊಂದು ಪ್ಯಾಚ್ ಇತ್ತು. ತುಕಡಿಯ ಪ್ಯಾಚ್, ಪಾರ್ಟಿ ಉಡುಪಿನ ಪ್ಯಾಚ್, ತಮಾಷೆಯ ಪ್ಯಾಚ್ ಎಲ್ಲವನ್ನೂ ನೆಲೆಯ ಸುತ್ತಮುತ್ತಲ ದರ್ಜಿಗಳು ಹೊಲಿದುಕೊಟ್ಟರು. ಯುದ್ಧ ಮುಗಿದು ಸೈನಿಕರು ಮನೆಗೆ ಹೋದರು. ದರ್ಜಿಗಳು, ಯಂತ್ರಗಳು, ಮಾದರಿಗಳು ಅಲ್ಲೇ ಉಳಿದವು. ಮುಂದೆ ಸಂಗ್ರಾಹಕರ ಬೇಡಿಕೆ ಹೆಚ್ಚಿದಾಗ ಅದೇ ಚಿತ್ರಗಳನ್ನು ಮತ್ತೆ ಹೊಲಿದರು. ಅವರದು ಮೋಸ ಅಂತ ನಾನು ಹೇಳುವುದಿಲ್ಲ. ಗಿರಾಕಿ ಕೇಳಿದ್ದನ್ನು ಅವರು ಮಾಡಿಕೊಟ್ಟರು. ಅದನ್ನು 1967ರದ್ದು ಅಂತ ಮಾರಿದವನದು ಮೋಸ.

ಪರೀಕ್ಷೆಗಳು ಹುಟ್ಟಿದ್ದು ಇದರ ಬೆನ್ನಿಗೇ. ಮೊದಲನೆಯದು ಕತ್ತಲ ಕೋಣೆಯಲ್ಲಿ ಹಿಡಿಯುವ ನೇರಳಾತೀತ ದೀಪ. ಬಿಳುಪು ಹೆಚ್ಚಿಸುವ ರಾಸಾಯನಿಕಗಳು ದಾರಕ್ಕೂ ಸೋಪಿನ ಪುಡಿಗೂ ವ್ಯಾಪಕವಾಗಿ ಸೇರಿದ್ದು ಎರಡನೇ ಮಹಾಯುದ್ಧದ ನಂತರ. ಹಾಗಾಗಿ 1943ರದ್ದು ಅನ್ನುವ ಪ್ಯಾಚ್‌ನ ದಾರ ದೀಪದಡಿ ನೀಲಿಯಾಗಿ ಹೊಳೆದರೆ ಅನುಮಾನ ಸಹಜ. ಆದರೆ ಅಸಲಿ ಪ್ಯಾಚನ್ನು ಯಾರಾದರೂ ಆಮೇಲೆ ಡಿಟರ್ಜೆಂಟ್ ಹಾಕಿ ಒಗೆದಿದ್ದರೆ ಅದೂ ಹೊಳೆಯುತ್ತದೆ. ಇತ್ತ, ಹಳೆಯ ಹತ್ತಿ ದಾರದಲ್ಲಿ ಈಗ ಹೊಲಿದರೆ ಹೊಳೆಯುವುದೇ ಇಲ್ಲ. ಈ ದೀಪವನ್ನೇ ಕೊನೆಯ ತೀರ್ಪು ಅಂದುಕೊಂಡವರು ಎರಡೂ ಕಡೆಯಿಂದ ಏಟು ತಿನ್ನುತ್ತಾರೆ.

ಪಾಲಿಯೆಸ್ಟರ್ ಇನ್ನೊಂದು ಸುಳಿವು. ಅದು ಬ್ರಿಟನ್ನಿನಲ್ಲಿ ಹುಟ್ಟಿದ್ದು 1941ರಲ್ಲಾದರೂ ಬಟ್ಟೆಬರೆಗೆ ಬಂದದ್ದು 1950ರ ದಶಕದಲ್ಲಿ. ಬಿಡಿ ಎಳೆಯೊಂದನ್ನು ಸುಟ್ಟರೆ ಹತ್ತಿ ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಅಂಚಿಗೆ ಸುತ್ತಲೂ ದಪ್ಪಗೆ ಹೊಲಿದ ಮೆರೋ ಅಂಚು ಸಾಮಾನ್ಯವಾದದ್ದು 1960ರ ದಶಕದ ಕೊನೆಗೆ. ಹಿಂದೆ ಪ್ಲಾಸ್ಟಿಕ್ ಲೇಪ ಇದ್ದರೆ ಎರಡನೇ ಮಹಾಯುದ್ಧದ ಮಾತೇ ಬೇಡ.

ನನಗೆ ಹೆಚ್ಚು ನಂಬಿಕೆ ಇರುವುದು ಬಳಕೆಯ ಗುರುತುಗಳ ಮೇಲೆ. ಲೆನ್ಸ್ ಹಿಡಿದು ಅಂಚನ್ನು ನೋಡಿ. ಜಾಕೆಟ್‌ಗೆ ಹೊಲಿದಿದ್ದ ಪ್ಯಾಚ್ ಆದರೆ ಸೂಜಿಯ ತೂತುಗಳ ಸಾಲು ಇರುತ್ತದೆ. ಆ ತೂತಿನ ಸುತ್ತ ಬಟ್ಟೆ ಎಳೆದಂತಾಗಿರುತ್ತದೆ. ಕೆಲವೊಮ್ಮೆ ಹಳೆಯ ದಾರದ ಚೂರು ಅಲ್ಲೇ ಸಿಕ್ಕಿಕೊಂಡಿರುತ್ತದೆ. ಮುಂಭಾಗ ಬಿಸಿಲಿಗೆ ಮಾಸಿ, ಹಿಂಭಾಗದಲ್ಲಿ ಕೆಂಪು-ನೀಲಿ ಇನ್ನೂ ಗಾಢವಾಗಿರುತ್ತದೆ. ಚಹಾದಲ್ಲಿ ಅದ್ದಿ ‘ಹಳೆಯದು’ ಮಾಡಿದ ಪ್ಯಾಚ್ ಎರಡೂ ಕಡೆ ಒಂದೇ ಸಮ ಕಂದು. ಹೊಲಿಗೆಯೂ ಮಾತಾಡುತ್ತದೆ. ಕಾಲಲ್ಲಿ ಯಂತ್ರ ತುಳಿಯುತ್ತ ಕೈಯಲ್ಲಿ ಬಟ್ಟೆ ತಿರುಗಿಸಿದ ದರ್ಜಿಯ ಎಳೆಗಳು ಉದ್ದ-ಗಿಡ್ಡ ಇರುತ್ತವೆ. 1980ರ ನಂತರ ಹರಡಿದ ಕಂಪ್ಯೂಟರ್ ಕಸೂತಿಯಲ್ಲಿ ಪ್ರತಿ ಎಳೆಯೂ ಲೆಕ್ಕ ಹಾಕಿದಂತೆ ಸಮ. ಆದರೆ ಬಳಸದೆ ಪೆಟ್ಟಿಗೆಯಲ್ಲೇ ಉಳಿದ ಅಸಲಿ ಪ್ಯಾಚ್‌ಗೆ ಈ ಸವೆತದ ಸಾಕ್ಷಿ ಇಲ್ಲ. ಕಷ್ಟ ಇರುವುದು ಅಲ್ಲೇ.

ದಾರ ಕೈಕೊಟ್ಟ ಕಡೆ ಕಾಗದ ನೆರವಾಗುತ್ತದೆ. ಅಮೆರಿಕದ ವಾಯುಪಡೆಯಲ್ಲಿ ‘ಟ್ಯಾಕ್ಟಿಕಲ್ ಫೈಟರ್ ಸ್ಕ್ವಾಡ್ರನ್’ ಎಂಬ ಹೆಸರು ಹರಡಿದ್ದು 1958ರಲ್ಲಿ. ಕೊರಿಯಾ ಯುದ್ಧದ್ದು ಅಂತ ತೋರಿಸುವ ಪ್ಯಾಚ್ ಮೇಲೆ ಆ ಹೆಸರಿದ್ದರೆ ಲೆನ್ಸೇ ಬೇಕಾಗಿಲ್ಲ. ಬ್ರಿಟನ್ನಿನ ಪೈಲಟ್‌ಗಳು ಎದೆಗೆ ಹೊಲಿಸಿಕೊಳ್ಳುವ ರೆಕ್ಕೆಯಾಕಾರದ ಬ್ಯಾಡ್ಜ್‌ಗಳಲ್ಲಿ ಕಿರೀಟ ನೋಡುತ್ತಾರೆ. ರಾಜನ ಕಾಲದ ಟ್ಯೂಡರ್ ಕಿರೀಟ ಹೋಗಿ ಎಲಿಜಬೆತ್ ರಾಣಿಯ ಕಾಲದ ಕಿರೀಟ ಬಂದದ್ದು 1953ರ ಹೊತ್ತಿಗೆ. 2022ರಲ್ಲಿ ಮೂರನೇ ಚಾರ್ಲ್ಸ್ ಟ್ಯೂಡರ್ ಕಿರೀಟವನ್ನೇ ಮತ್ತೆ ಆರಿಸಿಕೊಂಡದ್ದರಿಂದ ಈ ಸುಳಿವನ್ನು ಮುಂದೆ ಹುಷಾರಾಗಿ ಬಳಸಬೇಕು.

ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಅಂದರೆ ಜೊತೆಗಿರುವ ವಸ್ತುಗಳು. ಅದೇ ಪೈಲಟ್‌ನ ಲಾಗ್‌ಬುಕ್, ಜಾಕೆಟ್, ಅದನ್ನು ತೊಟ್ಟು ನಿಂತ ಫೋಟೊ. ಕುಂಚದಿಂದ ಬರೆದ ಪ್ಯಾಚ್‌ನಲ್ಲಿ ಹುಲಿಯ ಬಾಲ ಬಾಗಿದ ರೀತಿ, ಅಕ್ಷರ ಓರೆಯಾದ ರೀತಿ ಫೋಟೊಗೆ ಸರಿಯಾಗಿ ಕೂತರೆ ವಾದಕ್ಕೆ ಜಾಗವೇ ಉಳಿಯುವುದಿಲ್ಲ. ಬೇಜಾರಿನ ವಿಷಯ ಅಂದರೆ ಇಂಥ ಗಂಟುಗಳನ್ನು ಬಿಚ್ಚಿ ಬಿಡಿಬಿಡಿಯಾಗಿ ಮಾರುತ್ತಾರೆ. ಹಾಗೆ ಮಾರಿದರೆ ದುಡ್ಡು ಜಾಸ್ತಿ ಬರುತ್ತದೆ. ಲಾಗ್‌ಬುಕ್ ಒಬ್ಬರಿಗೆ, ಫೋಟೊ ಇನ್ನೊಬ್ಬರಿಗೆ, ಪ್ಯಾಚ್ ಮತ್ತೊಬ್ಬರಿಗೆ ಹೋಗುತ್ತದೆ. ಆ ಪ್ಯಾಚ್ ಮುಂದಿನ ಸಲ ಮಾರಾಟಕ್ಕೆ ಬಂದಾಗ ಅದರ ಪರ ಮಾತಾಡಲು ದಾರ ಬಿಟ್ಟು ಬೇರೇನೂ ಇರುವುದಿಲ್ಲ.