ಮಾರ್ಕನ ಸುವಾರ್ತೆಯ ಕೊನೆಯ 12 ವಚನಗಳಿಗೆ ಆವರಣ ಯಾಕೆ?

ಪ್ರಶ್ನೆ: ನನ್ನ ಬೈಬಲಿನಲ್ಲಿ ಮಾರ್ಕನ ಸುವಾರ್ತೆಯ 16ನೇ ಅಧ್ಯಾಯದ 9ರಿಂದ 20ರವರೆಗಿನ ವಚನಗಳನ್ನು ಆವರಣದೊಳಗೆ ಹಾಕಿದ್ದಾರೆ. ಕೆಲವು ಪ್ರಾಚೀನ ಪ್ರತಿಗಳಲ್ಲಿ ಈ ಭಾಗ ಇಲ್ಲ ಎಂಬ ಅಡಿಟಿಪ್ಪಣಿಯೂ ಇದೆ. ಹಾಗಾದರೆ ಇದು ದೇವರ ವಾಕ್ಯ ಹೌದೋ ಅಲ್ಲವೋ? ಇದನ್ನು ಸೇರಿಸಿದವರು ಯಾರು?

ಈ ಪ್ರಶ್ನೆ ಕೇಳುವವರಲ್ಲಿ ಹೆಚ್ಚಿನವರಿಗೆ ಒಳಗೊಳಗೇ ಒಂದು ಅಂಜಿಕೆ ಇರುತ್ತದೆ. ಇದೊಂದು ಕಲ್ಲು ಸಡಿಲವಾದರೆ ಉಳಿದದ್ದರ ಗತಿಯೇನು ಎಂಬ ಅಂಜಿಕೆ. ಆದ್ದರಿಂದ ಮೊದಲೇ ನೇರವಾಗಿ ಹೇಳಿಬಿಡುತ್ತೇನೆ. ಈ 12 ವಚನಗಳನ್ನು ಮಾರ್ಕನೇ ಬರೆದಿರಲಾರ ಎಂಬುದು ಇಂದಿನ ಬಹುಪಾಲು ಬೈಬಲ್ ವಿದ್ವಾಂಸರ ನಿಲುವು. ಸಾಕ್ಷ್ಯಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದಾಗ ನನಗೂ ಅದೇ ಸರಿ ಅನ್ನಿಸುತ್ತದೆ. ಆದರೆ ಇವು ಯಾರೋ ಮೊನ್ನೆ ತುರುಕಿದ ಸಾಲುಗಳಲ್ಲ. 2ನೇ ಶತಮಾನದ ಕ್ರೈಸ್ತರೇ ಇವನ್ನು ಮಾರ್ಕನ ಸುವಾರ್ತೆಯ ಭಾಗವೆಂದು ಓದುತ್ತಿದ್ದರು.

ಹಸ್ತಪ್ರತಿಗಳಿಂದ ಶುರುಮಾಡೋಣ. ಮಾರ್ಕನ ಸುವಾರ್ತೆ ಪೂರ್ತಿಯಾಗಿ ಸಿಗುವ ಅತಿ ಹಳೆಯ ಗ್ರೀಕ್ ಪ್ರತಿಗಳು ಎರಡು: ಕೋಡೆಕ್ಸ್ ವ್ಯಾಟಿಕಾನಸ್ ಮತ್ತು ಕೋಡೆಕ್ಸ್ ಸಿನೈಟಿಕಸ್ (ಕೋಡೆಕ್ಸ್ ಎಂದರೆ ಹಾಳೆಗಳನ್ನು ಹೊಲಿದು ಕಟ್ಟಿದ ಕೈಬರಹದ ಪುಸ್ತಕ). ಎರಡೂ 4ನೇ ಶತಮಾನದವು, ಎರಡೂ 8ನೇ ವಚನಕ್ಕೇ ನಿಲ್ಲುತ್ತವೆ. ವ್ಯಾಟಿಕಾನಸ್‌ನ ಆ ಪುಟವಂತೂ ನೋಡಬೇಕಾದದ್ದೇ. ಪುಟಕ್ಕೆ ಮೂರು ಅಂಕಣಗಳಂತೆ ಬರೆದುಕೊಂಡು ಬಂದ ಲಿಪಿಕಾರ ಎರಡನೆಯ ಅಂಕಣದಲ್ಲಿ ಮಾರ್ಕನನ್ನು ಮುಗಿಸುತ್ತಾನೆ. ಅವನ ರೂಢಿಯಂತೆ ಮುಂದಿನ ಅಂಕಣದಲ್ಲೇ ಲೂಕನ ಸುವಾರ್ತೆ ಶುರುವಾಗಬೇಕಿತ್ತು. ಅವನು ಮೂರನೆಯ ಅಂಕಣವನ್ನು ಪೂರ್ತಿ ಖಾಲಿ ಬಿಟ್ಟಿದ್ದಾನೆ. ಆ ಪ್ರತಿಯ ಹೊಸ ಒಡಂಬಡಿಕೆಯಲ್ಲಿ ಪುಸ್ತಕ ಪುಸ್ತಕದ ನಡುವೆ ಹೀಗೆ ಇಡೀ ಅಂಕಣ ಖಾಲಿ ಉಳಿದಿರುವುದು ಇಲ್ಲಿ ಮಾತ್ರ. ಇನ್ನೂ ಒಂದು ಮುಕ್ತಾಯ ಚಲಾವಣೆಯಲ್ಲಿದೆ ಎಂದು ಅವನಿಗೆ ತಿಳಿದಿತ್ತು ಎಂದು ಹಲವರು ಊಹಿಸುತ್ತಾರೆ. ಊಹೆಯೇ ಆದರೂ ತಳ್ಳಿಹಾಕುವಂಥದ್ದಲ್ಲ.

ಅದೇ ಶತಮಾನದ ಸಭಾ ಇತಿಹಾಸಕಾರ ಯೂಸೇಬಿಯಸ್, ನಿಖರವಾದ ಪ್ರತಿಗಳು ಸ್ತ್ರೀಯರು ಹೆದರಿದರು ಎಂಬ 8ನೇ ವಚನಕ್ಕೇ ಮುಗಿಯುತ್ತವೆ ಎಂಬ ಮಾತನ್ನು ದಾಖಲಿಸಿದ್ದಾನೆ. ಬೈಬಲನ್ನು ಲ್ಯಾಟಿನ್‌ಗೆ ಅನುವಾದಿಸಿದ ಜೆರೋಮನೂ ಇದನ್ನೇ ಹೇಳುತ್ತಾನೆ. ಅಂದರೆ ಇದು ಆಧುನಿಕರು ಎಬ್ಬಿಸಿದ ತಗಾದೆಯಲ್ಲ.

ಇನ್ನೊಂದು ಪಕ್ಕದ ಸಾಕ್ಷ್ಯಕ್ಕೂ ನ್ಯಾಯ ಸಲ್ಲಬೇಕು. ಸುಮಾರು ಕ್ರಿ.ಶ. 180ರಲ್ಲಿ ಐರೇನಿಯಸ್ ಎಂಬ ಬಿಷಪ್ ಇಂದಿನ 19ನೇ ವಚನವನ್ನು ಮಾರ್ಕನ ಸುವಾರ್ತೆಯ ಕೊನೆಯಲ್ಲಿ ಬರುವ ಮಾತೆಂದು ಉಲ್ಲೇಖಿಸುತ್ತಾನೆ. ಇದು ಆ ಎರಡು ಪ್ರತಿಗಳಿಗಿಂತ ಒಂದೂವರೆ ಶತಮಾನದಷ್ಟು ಹಳೆಯ ಸಾಕ್ಷ್ಯ. 5ನೇ ಶತಮಾನದ ಅಲೆಕ್ಸಾಂಡ್ರಿನಸ್ ಪ್ರತಿಯಲ್ಲಿ, ನಂತರದ ಗ್ರೀಕ್ ಪ್ರತಿಗಳಲ್ಲಿ ಹೆಚ್ಚುಕಡಿಮೆ ಎಲ್ಲದರಲ್ಲೂ ಈ ಭಾಗ ಇದೆ. ಬೋಬಿಯೆನ್ಸಿಸ್ ಎಂಬ ಲ್ಯಾಟಿನ್ ಪ್ರತಿಯಲ್ಲಿ ಇದರ ಬದಲಿಗೆ ಬೇರೆಯೇ ಒಂದು ಚಿಕ್ಕ ಮುಕ್ತಾಯವಿದೆ. ಕೆಲವು ಗ್ರೀಕ್ ಪ್ರತಿಗಳಲ್ಲಿ ಚಿಕ್ಕದು, ದೊಡ್ಡದು ಎರಡೂ ಒಂದರ ಹಿಂದೆ ಒಂದು ಬರುತ್ತವೆ. ಸುವಾರ್ತೆ 8ಕ್ಕೆ ನಿಂತಿದ್ದು ಹಲವರಿಗೆ ಕೊರತೆಯಾಗಿ ಕಂಡಿತ್ತು, ಬೇರೆ ಬೇರೆ ಕಡೆ ಬೇರೆ ಬೇರೆಯವರು ಅದನ್ನು ತುಂಬಿಸಿದರು ಎನ್ನುವುದಕ್ಕೆ ಇದಕ್ಕಿಂತ ಬಲವಾದ ಸುಳಿವು ಬೇಕಿಲ್ಲ.

ಹಸ್ತಪ್ರತಿಗಳ ಗೋಜೇ ಬೇಡ ಎನ್ನುವವರು 8ನೇ ಮತ್ತು 9ನೇ ವಚನವನ್ನು ಒಟ್ಟಿಗೆ ಓದಿ ನೋಡಿ. 8ರಲ್ಲಿ ಸ್ತ್ರೀಯರು ನಡುಗುತ್ತ ಸಮಾಧಿಯಿಂದ ಓಡಿಹೋಗುತ್ತಾರೆ, ಭಯದಿಂದ ಯಾರಿಗೂ ಏನೂ ಹೇಳುವುದಿಲ್ಲ. 9ಕ್ಕೆ ಬಂದರೆ ಅವರಲ್ಲಿ ಒಬ್ಬಳ ಹೊರತು ಉಳಿದವರ ಸುದ್ದಿಯೇ ಇಲ್ಲ. ಕಥೆ ಮತ್ತೆ ವಾರದ ಮೊದಲನೆಯ ದಿನದ ಬೆಳಗಿನಿಂದ ಶುರುವಾಗುತ್ತದೆ. ಯೇಸು ಏಳು ದೆವ್ವಗಳನ್ನು ಬಿಡಿಸಿದ್ದು ಈಕೆಯಿಂದಲೇ ಎಂದು ಮಗ್ದಲದ ಮರಿಯಳ ಪರಿಚಯವನ್ನೂ ಮಾಡಿಕೊಡುತ್ತದೆ. ಆದರೆ ಆಕೆ ಆಗಲೇ ಶಿಲುಬೆಯ ಬಳಿ ನಿಂತಿದ್ದಾಳೆ, ಸಮಾಧಿ ಮಾಡಿದ್ದನ್ನು ನೋಡಿದ್ದಾಳೆ, ಸುಗಂಧದ್ರವ್ಯ ಕೊಂಡುಕೊಂಡು ಬಂದಿದ್ದಾಳೆ. ನಾಲ್ಕನೆಯ ಸಲ ಹೆಸರು ಬಂದಾಗ ಯಾವ ಕಥೆಗಾರ ಪರಿಚಯ ಮಾಡಿಸುತ್ತಾನೆ? ಗಲಿಲಾಯದಲ್ಲಿ ಆತನನ್ನು ಕಾಣುವಿರಿ ಎಂದು 7ನೇ ವಚನದಲ್ಲಿ ಬಿಳಿ ನಿಲುವಂಗಿಯ ಯೌವನಸ್ಥ ಮಾತು ಕೊಟ್ಟಿದ್ದಾನೆ. ಮುಂದಿನ 12 ವಚನಗಳಲ್ಲಿ ಗಲಿಲಾಯದ ಹೆಸರೇ ಇಲ್ಲ.

ಹಾಗಾದರೆ ಮಾರ್ಕ ಬೇಕೆಂದೇ 8ಕ್ಕೆ ನಿಲ್ಲಿಸಿದನೇ, ಅಥವಾ ಕೊನೆಯ ಹಾಳೆ ಕಳೆದುಹೋಯಿತೇ? ವಿದ್ವಾಂಸರಲ್ಲಿ ಎರಡೂ ಪಕ್ಷಗಳಿವೆ. ನನ್ನ ಒಲವು ಮೊದಲನೆಯದರ ಕಡೆಗೆ. ಈ ಸುವಾರ್ತೆಯುದ್ದಕ್ಕೂ ದೇವರ ಶಕ್ತಿ ಕಂಡವರು ಮೊದಲು ಹೆದರುತ್ತಾರೆ: ಬಿರುಗಾಳಿ ನಿಂತಾಗ, ದೆವ್ವ ಹಿಡಿದವನ ಬುದ್ಧಿ ಸರಿಹೋದಾಗ. ಸಮಾಧಿಯ ಮುಂದಿನ ನಡುಕವೂ ಅದೇ ಜಾತಿಯದು. ಯೇಸು ಎದ್ದಿದ್ದಾನೆ ಎಂಬ ಮಾತಂತೂ 6ನೇ ವಚನದಲ್ಲೇ ಸ್ಪಷ್ಟವಾಗಿ ಇದೆ. ಪುನರುತ್ಥಾನದ ನಂಬಿಕೆಗೆ ಅತಿ ಹಳೆಯ ಲಿಖಿತ ಸಾಕ್ಷ್ಯಗಳಲ್ಲೊಂದು ಕೊರಿಂಥದವರಿಗೆ ಪೌಲ ಬರೆದ ಮೊದಲ ಪತ್ರದ 15ನೇ ಅಧ್ಯಾಯ. ಅದು ಬರೆದದ್ದು ಕ್ರಿ.ಶ. 50ರ ದಶಕದಲ್ಲಿ, ಮಾರ್ಕನಿಗಿಂತ ಮೊದಲು. ಆವರಣ ಹಾಕಿದ ಮಾತ್ರಕ್ಕೆ ಆ ನಂಬಿಕೆಯ ಬುಡ ಅಲುಗುವುದಿಲ್ಲ.

ದೇವರ ವಾಕ್ಯವೋ ಎಂಬುದಕ್ಕೆ ಎಲ್ಲ ಸಭೆಗಳ ಉತ್ತರ ಒಂದೇ ಅಲ್ಲ. ಕ್ಯಾಥೊಲಿಕ್ ಸಭೆ ಮತ್ತು ಆರ್ಥೊಡಾಕ್ಸ್ ಸಭೆಗಳು ಇದನ್ನು ಪವಿತ್ರಗ್ರಂಥದ ಭಾಗವೆಂದೇ ಓದುತ್ತವೆ. ಬರೆದವರು ಯಾರು, ಸಭೆ ಸ್ವೀಕರಿಸಿದೆಯೇ ಎಂಬವು ಅವರಿಗೆ ಎರಡು ಬೇರೆ ಪ್ರಶ್ನೆಗಳು. ಪ್ರೊಟೆಸ್ಟೆಂಟರಲ್ಲಿ ಅಭಿಪ್ರಾಯಭೇದವಿದೆ.

ಇದು ಬರೀ ಪಂಡಿತರ ಚರ್ಚೆಯಲ್ಲ. ಹಾವುಗಳನ್ನು ಎತ್ತುವರು, ವಿಷ ಕುಡಿದರೂ ಕೇಡಾಗದು ಎಂಬ 18ನೇ ವಚನವನ್ನು ಅಕ್ಷರಶಃ ಆಜ್ಞೆಯೆಂದು ತಿಳಿದು ಅಮೆರಿಕದ ಅಪಲೇಷಿಯನ್ ಸೀಮೆಯ ಕೆಲವು ಸಭೆಗಳಲ್ಲಿ ಆರಾಧನೆಯ ನಡುವೆ ವಿಷದ ಹಾವು ಹಿಡಿಯುವ ಪದ್ಧತಿ ಬೆಳೆಯಿತು. ಅದನ್ನು ಹರಡಿದವರಲ್ಲಿ ಪ್ರಮುಖನಾದ ಬೋಧಕ ಜಾರ್ಜ್ ವೆಂಟ್ ಹೆನ್ಸ್ಲಿ 1955ರಲ್ಲಿ ಹಾವು ಕಚ್ಚಿಯೇ ತೀರಿಕೊಂಡ.

ಆದ್ದರಿಂದ ಈ ಭಾಗವನ್ನು ಓದುವಾಗ ಪಕ್ಕದಲ್ಲಿ ಉಳಿದ ಪುಸ್ತಕಗಳನ್ನೂ ತೆರೆದಿಟ್ಟುಕೊಳ್ಳಿ. ಮರಿಯಳಿಗೆ ಯೇಸು ಕಾಣಿಸಿಕೊಂಡದ್ದಕ್ಕೆ ಯೋಹಾನ 20, ದಾರಿಯಲ್ಲಿ ನಡೆಯುತ್ತಿದ್ದ ಇಬ್ಬರಿಗೆ ಲೂಕ 24, ಲೋಕಕ್ಕೆಲ್ಲ ಸಾರುವ ಆಜ್ಞೆಗೆ ಮತ್ತಾಯ 28, ಸ್ವರ್ಗಾರೋಹಣಕ್ಕೆ ಅಪೊಸ್ತಲರ ಕೃತ್ಯಗಳು 1, ಹಾವಿನ ಮಾತಿಗೆ ಅದೇ ಪುಸ್ತಕದ 28ನೇ ಅಧ್ಯಾಯದಲ್ಲಿ ಪೌಲನ ಕೈಗೆ ಸುತ್ತಿಕೊಂಡ ಹಾವಿನ ಘಟನೆ. ವಿಷ ಕುಡಿಯುವ ಮಾತಿಗೆ ಮಾತ್ರ ಹೊಸ ಒಡಂಬಡಿಕೆಯಲ್ಲಿ ಬೇರೆಲ್ಲೂ ಜೋಡಿ ಸಿಗುವುದಿಲ್ಲ. ಆ ಒಂದು ಸಾಲಿನ ಮೇಲೆ ಯಾವ ಬೋಧನೆಯನ್ನೂ ಕಟ್ಟಬೇಡಿ.