ಟಿಕೆಟ್ ಬುಕ್ ಮಾಡುವ ಮುಂಚೆ ದಿನ ಎಣಿಸಿ

ಅಮೆರಿಕಕ್ಕೆ ಹೊರಟವರು ನನ್ನಂಥ ಚಾರ್ಟರ್ಡ್ ಅಕೌಂಟೆಂಟ್ ಹತ್ತಿರ ಬರುವುದು ಸಾಮಾನ್ಯವಾಗಿ ಎಲ್ಲ ಮುಗಿದ ಮೇಲೆ. ವೀಸಾ ಸಿಕ್ಕಿರುತ್ತದೆ, ಟಿಕೆಟ್ ಆಗಿರುತ್ತದೆ, ಸೂಟ್‌ಕೇಸಿಗೆ ಚಟ್ನಿಪುಡಿ, ಸಾರಿನಪುಡಿಯೂ ಸೇರಿರುತ್ತದೆ. ‘ಸುಮ್ನೆ ಒಂದು ಮಾತು ಕೇಳಿ ಹೋಗೋಣ ಅಂತ ಬಂದೆ ಸಾರ್’ ಅನ್ನುತ್ತಾರೆ. ನಾನು ಮೊದಲು ಕೇಳುವುದು ವಿಮಾನ ಯಾವ ತಾರೀಕಿಗೆ ಅಂತ.

ಕೆಲಸಕ್ಕೆಂದು ವಿದೇಶಕ್ಕೆ ಹೋಗುವ ಭಾರತೀಯ ಪ್ರಜೆ ಆ ಹಣಕಾಸು ವರ್ಷದಲ್ಲಿ 182 ದಿನ ಅಥವಾ ಜಾಸ್ತಿ ಇಲ್ಲಿದ್ದರೆ, ಆ ಇಡೀ ವರ್ಷಕ್ಕೆ ಅವನು ಇಲ್ಲಿಯ ನಿವಾಸಿ. ಅಂದರೆ ಹೊರದೇಶದಲ್ಲಿ ದುಡಿದದ್ದಕ್ಕೂ ಇಲ್ಲಿ ಲೆಕ್ಕ ಕೊಡಬೇಕು. ಏಪ್ರಿಲ್ 1ರಿಂದ ಎಣಿಸಿ. ಸೆಪ್ಟೆಂಬರ್ 28ಕ್ಕೆ 181 ದಿನ. 29ಕ್ಕೆ 182. ಹೊರಟ ದಿನವನ್ನೂ ಸೇರಿಸಿ ಎಣಿಸುವುದೇ ಕ್ಷೇಮ.

ಈಗ ಎಚ್-1ಬಿ, ಅಂದರೆ ಅಮೆರಿಕದ ಕೆಲಸದ ವೀಸಾ ಕಡೆ ನೋಡಿ. ಲಾಟರಿಯಲ್ಲಿ ಹೆಸರು ಬಂದವರಿಗೆ ಕೆಲಸ ಶುರುವಾಗುವುದು ಅಕ್ಟೋಬರ್ 1ರಿಂದ. ಹತ್ತು ದಿನ ಮುಂಚೆ ಆ ದೇಶಕ್ಕೆ ಕಾಲಿಡಬಹುದು, ಆದರೆ ಕೆಲಸ ಮಾಡುವ ಹಾಗಿಲ್ಲ. ‘ಹೇಗೂ 1ನೇ ತಾರೀಕಿಗೆ ಜಾಯಿನಿಂಗ್, 29ಕ್ಕೆ ಹೊರಟರಾಯಿತು’ ಅಂತ ಟಿಕೆಟ್ ಮಾಡಿಸುವವರೇ ಹೆಚ್ಚು. ಒಂದೇ ಒಂದು ದಿನ ಆಚೀಚೆ ಆಗಿದ್ದಕ್ಕೆ ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ಡಾಲರ್ ಸಂಬಳ ಪೂರ್ತಿ ಇಲ್ಲಿಯ ರಿಟರ್ನ್‌ಗೆ ಬಂದು ಕೂರುತ್ತದೆ. ಅಲ್ಲಿ ಕಟ್ಟಿದ ತೆರಿಗೆಗೆ ಇಲ್ಲಿ ಕ್ರೆಡಿಟ್ ಸಿಗುತ್ತದೆ, ನಿಜ. ಆದರೆ ಒಳ್ಳೆಯ ಸಂಬಳದವರಿಗೆ ಇಲ್ಲಿಯ ತೆರಿಗೆಯೇ ಜಾಸ್ತಿ ಬರುವುದುಂಟು. ಆ ವ್ಯತ್ಯಾಸ ಕೈಯಿಂದ ಕಟ್ಟಬೇಕು. ಜೊತೆಗೆ ಅಲ್ಲಿಯ ಬ್ಯಾಂಕ್ ಖಾತೆ, ಷೇರು, 401(ಕೆ) ಎಂಬ ನಿವೃತ್ತಿ ಉಳಿತಾಯ ಖಾತೆ ಎಲ್ಲವನ್ನೂ ವಿದೇಶಿ ಆಸ್ತಿಯ ಪಟ್ಟಿಯಲ್ಲಿ ತೋರಿಸಬೇಕು. ತೋರಿಸದಿದ್ದರೆ ಕಪ್ಪುಹಣದ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡ ಬೀಳಬಹುದು.

ಇನ್ನೊಂದು ಸೂಕ್ಷ್ಮ. ದೇವನಹಳ್ಳಿಯಿಂದ ದೂರದ ವಿಮಾನಗಳು ಹೊರಡುವುದು ಹೆಚ್ಚಾಗಿ ನಡುರಾತ್ರಿ ದಾಟಿದ ಮೇಲೆ. ಟಿಕೆಟ್‌ನಲ್ಲಿ 29 ಅಂತ ಇರುತ್ತದೆ, ಇಮಿಗ್ರೇಷನ್ ಮುದ್ರೆ 28ರ ರಾತ್ರಿ ಹನ್ನೊಂದಕ್ಕೆ ಬಿದ್ದಿರುತ್ತದೆ. ಮುದ್ರೆಯ ತಾರೀಕು ನಮಗೆ ಅನುಕೂಲವೇ, ಆದರೆ ಅದನ್ನು ನೆಚ್ಚಿಕೊಂಡು ಕೂರಬೇಡಿ. ಕ್ಯೂ ಉದ್ದ ಇದ್ದರೆ ಮುದ್ರೆಯೂ 29ಕ್ಕೇ ಬೀಳುತ್ತದೆ. ಎರಡು ದಿನ ಮುಂಚೆ ಹೊರಡಿ, ಜೆಟ್‌ಲ್ಯಾಗಾದರೂ ಕಳೆಯುತ್ತದೆ.

2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಹೇರಿದ ಮೇಲೆ ಇಲ್ಲಿಂದ ನೇರವಾಗಿ ಹೋಗುವ ದಾರಿ ಕಿರಿದಾಗಿದೆ. ಆದರೆ ಈ ದಿನದ ಲೆಕ್ಕ ಅಮೆರಿಕಕ್ಕೆ ಮಾತ್ರ ಅಲ್ಲ. ದುಬೈಗೆ ಹೋಗುವವರಿಗೆ ಪೆಟ್ಟು ಇನ್ನೂ ಜಾಸ್ತಿ. ಅಲ್ಲಿ ಸಂಬಳಕ್ಕೆ ತೆರಿಗೆಯೇ ಇಲ್ಲ, ಹಾಗಾಗಿ ಇಲ್ಲಿ ಕಳೆಯಲು ಕ್ರೆಡಿಟ್ಟೂ ಇಲ್ಲ. ಅಕ್ಟೋಬರ್‌ನಲ್ಲಿ ಹೋದವರು ‘ಟ್ಯಾಕ್ಸ್ ಫ್ರೀ ಸಂಬಳ’ ಅಂತ ಖುಷಿಯಾಗಿರುತ್ತಾರೆ. ಮುಂದಿನ ಜುಲೈನಲ್ಲಿ ನನಗೆ ಫೋನ್ ಬರುತ್ತದೆ.

ಎರಡನೆಯ ಗುಂಪು, ಸ್ಟಾಂಪಿಂಗ್‌ಗೆ, ಅಂದರೆ ಪಾಸ್‌ಪೋರ್ಟ್‌ಗೆ ಹೊಸ ವೀಸಾ ಹಾಕಿಸಲು, ಊರಿಗೆ ಬಂದು ಸಿಕ್ಕಿಹಾಕಿಕೊಂಡವರು. ಅಲ್ಲಿದ್ದುಕೊಂಡೇ ಎಚ್-1ಬಿ ಅವಧಿ ವಿಸ್ತರಣೆ ಆಗಿರುತ್ತದೆ, ಕೈಯಲ್ಲಿ ಅದರ ಮಂಜೂರಾತಿ ಪತ್ರ ಐ-797 ಇರುತ್ತದೆ. ಆದರೆ ಪಾಸ್‌ಪೋರ್ಟ್‌ನಲ್ಲಿರುವ ವೀಸಾ ಮುಗಿದಿದ್ದರೆ, ದೇಶ ಬಿಟ್ಟವರು ಹೊಸ ಸ್ಟಾಂಪ್ ಇಲ್ಲದೆ ವಾಪಸ್ ಹೋಗುವ ಹಾಗಿಲ್ಲ. ಬೆಂಗಳೂರಿನ ಕಾನ್ಸುಲೇಟ್ 2025ರ ಜನವರಿಯಲ್ಲಿ ಉದ್ಘಾಟನೆ ಆಯಿತು, ಆದರೆ ವೀಸಾ ಸೇವೆ ಇಲ್ಲದೆಯೇ. ಹಾಗಾಗಿ ನಮ್ಮವರು ಚೆನ್ನೈಗೋ ಹೈದರಾಬಾದಿಗೋ ಓಡುವುದು ತಪ್ಪಲಿಲ್ಲ. 2025ರ ಡಿಸೆಂಬರ್ 15ರಿಂದ ಎಚ್-1ಬಿ ಮತ್ತು ಅವರ ಕುಟುಂಬದವರ ಎಚ್-4 ವೀಸಾದ ಅರ್ಜಿದಾರರ ಸೋಷಿಯಲ್ ಮೀಡಿಯಾ ಖಾತೆಗಳನ್ನೂ ಜಾಲಾಡುವ ನಿಯಮ ಬಂತು. ಎಷ್ಟೋ ಜನರ ಅಪಾಯಿಂಟ್‌ಮೆಂಟ್ ತಿಂಗಳುಗಟ್ಟಲೆ ಮುಂದೆ ಹೋಯಿತು.

ಅಂಥವರೊಬ್ಬರ ಲೆಕ್ಕ ಹೀಗಿರುತ್ತದೆ. ಡಿಸೆಂಬರ್ 8ಕ್ಕೆ ಬಂದರು. ಮಾರ್ಚ್ 31ರವರೆಗೆ 114 ದಿನ. 182 ಆಗಿಲ್ಲ, ಅವರು ಎನ್ಆರ್‌ಐ ಆಗಿಯೇ ಉಳಿದರು. ಏಪ್ರಿಲ್ 1ಕ್ಕೆ ಎಣಿಕೆ ಮತ್ತೆ ಒಂದರಿಂದ ಶುರು. ಆದರೆ ಆ ಡಿಸೆಂಬರ್‌ಗೆ ಮುಂಚೆ, ಅದೇ ಹಣಕಾಸು ವರ್ಷದ ಮೇ ತಿಂಗಳಲ್ಲಿ ತಮ್ಮನ ಮದುವೆಗೆ 12 ದಿನ ಬಂದು ಹೋಗಿದ್ದರು ಅಂದುಕೊಳ್ಳಿ. ಒಟ್ಟು 126. ಅವರಿಗೆ ಇಲ್ಲಿ ಬಾಡಿಗೆ, ಬಡ್ಡಿ ಸೇರಿ ವರ್ಷಕ್ಕೆ 15 ಲಕ್ಷಕ್ಕಿಂತ ಜಾಸ್ತಿ ಆದಾಯ ಇದ್ದರೆ ಮಿತಿ 182 ಅಲ್ಲ, 120. ಹಿಂದಿನ ನಾಲ್ಕು ವರ್ಷಗಳಲ್ಲಿ 365 ದಿನ ಇಲ್ಲಿದ್ದಿದ್ದರೆ ಅವರು ನಿವಾಸಿ, ಆದರೆ ‘ಸಾಮಾನ್ಯ ನಿವಾಸಿ ಅಲ್ಲದ’ ನಿವಾಸಿ. ಅಮೆರಿಕದಲ್ಲಿ ಕೂತು ದುಡಿದ ಸಂಬಳಕ್ಕೆ ಆಗಲೂ ಇಲ್ಲಿ ತೆರಿಗೆ ಇಲ್ಲ.

ಹಾಗಿದ್ದರೆ ಬಸವನಗುಡಿಯ ಅಪ್ಪನ ಮನೆಯ ಮಹಡಿ ಮೇಲೆ ರಾತ್ರಿಯೆಲ್ಲ ಲ್ಯಾಪ್‌ಟಾಪ್ ಹಿಡಿದು ಅಲ್ಲಿಯ ಆಫೀಸಿಗೆ ದುಡಿದದ್ದು? ಇದನ್ನು ಯಾರೂ ಕೇಳುವುದಿಲ್ಲ, ಕೇಳಬೇಕು. ಕೆಲಸ ಎಲ್ಲಿ ಮಾಡಿದಿರೋ ಸಂಬಳ ಅಲ್ಲಿ ಹುಟ್ಟಿತು ಅನ್ನುವುದು ನಮ್ಮ ಕಾನೂನು. ಸಂಬಳ ಟೆಕ್ಸಾಸ್‌ನ ಖಾತೆಗೆ ಬಿದ್ದರೂ ಅಷ್ಟೇ, ನೀವು ಎನ್ಆರ್‌ಐ ಆಗಿದ್ದರೂ ಅಷ್ಟೇ. ಕಾಪಾಡುವುದು ಭಾರತ-ಅಮೆರಿಕ ತೆರಿಗೆ ಒಪ್ಪಂದ. ನೀವು ತೆರಿಗೆ ಲೆಕ್ಕದಲ್ಲಿ ಅಮೆರಿಕದ ನಿವಾಸಿಯಾಗಿರಬೇಕು, ಇಲ್ಲಿ ಇದ್ದದ್ದು ಆ ವರ್ಷದಲ್ಲಿ 183 ದಿನ ದಾಟಿರಬಾರದು, ಸಂಬಳದ ಖರ್ಚು ಕಂಪನಿಯ ಇಲ್ಲಿಯ ಶಾಖೆಯ ಮೇಲೆ ಬಿದ್ದಿರಬಾರದು. ಹೀಗಿದ್ದರೆ ಇಲ್ಲಿ ತೆರಿಗೆ ಇಲ್ಲ. ಎಚ್‌ಆರ್‌ನವರು ಸಹಾಯ ಮಾಡೋಣ ಅಂತ ‘ಸದ್ಯಕ್ಕೆ ಬೆಂಗಳೂರು ಪೇರೋಲ್‌ಗೆ ಹಾಕ್ತೀವಿ’ ಅಂದರೆ ಒಪ್ಪುವ ಮುಂಚೆ ಯೋಚಿಸಿ. ಆ ರಕ್ಷಣೆ ಅಲ್ಲಿಗೆ ಹೋಯಿತು.

‘ನನ್ನ ತಪ್ಪಿಲ್ಲ, ವೀಸಾ ಆಫೀಸೇ ತಡ ಮಾಡಿತು’ ಅನ್ನುವ ವಾದ ನಡೆಯುವುದಿಲ್ಲ. ಕೋವಿಡ್ ಬಂದಾಗ 2020ರ ಮಾರ್ಚ್ ಕೊನೆಯ ದಿನಗಳನ್ನು ಲೆಕ್ಕದಿಂದ ಬಿಡಲು ಕೇಂದ್ರ ನೇರ ತೆರಿಗೆ ಮಂಡಳಿ (ಸಿಬಿಡಿಟಿ) ಸುತ್ತೋಲೆಯನ್ನೇ ಹೊರಡಿಸಬೇಕಾಯಿತು. ಮುಂದಿನ ವರ್ಷಕ್ಕೆ ಆ ರಿಯಾಯಿತಿಯೂ ಸಿಗಲಿಲ್ಲ. 2026ರ ಏಪ್ರಿಲ್‌ನಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಸೆಕ್ಷನ್ ನಂಬರುಗಳೆಲ್ಲ ಬದಲಾದವು, 182 ಮಾತ್ರ ಹಾಗೇ ಉಳಿಯಿತು.

ದಾಖಲೆ ಇಟ್ಟುಕೊಳ್ಳಿ. ಅಮೆರಿಕ ಬಿಡುವಾಗ ಪಾಸ್‌ಪೋರ್ಟ್‌ಗೆ ಮುದ್ರೆ ಒತ್ತುವುದಿಲ್ಲ, ಆದ್ದರಿಂದ ಬೋರ್ಡಿಂಗ್ ಪಾಸ್ ಬಿಸಾಡಬೇಡಿ. ಅಮೆರಿಕಕ್ಕೆ ಬಂದುಹೋದದ್ದರ ದಾಖಲೆ ಇಡುವ ಐ-94 ವೆಬ್‌ಸೈಟಿನಲ್ಲಿ ನಿಮ್ಮ ಪ್ರಯಾಣದ ಪಟ್ಟಿ ಸಿಗುತ್ತದೆ, ಪ್ರಿಂಟ್ ತೆಗೆದಿಡಿ. ರಿಟರ್ನ್‌ಗೆ ಎನ್ಆರ್‌ಐಗಳು ಐಟಿಆರ್-1 ಫಾರಂ ಬಳಸುವಂತಿಲ್ಲ. ಸಂಬಳ, ಬಾಡಿಗೆ ಇರುವವರಿಗೆ ಐಟಿಆರ್-2. ಆಧಾರ್‌ಗೆ ಕೊಟ್ಟ ಸಿಮ್ ರೀಚಾರ್ಜ್ ಇಲ್ಲದೆ ಸತ್ತುಹೋಗಿ, ರಿಟರ್ನ್ ದೃಢೀಕರಿಸುವ ಓಟಿಪಿ ಬರದಿದ್ದರೆ ಪರದಾಡಬೇಡಿ. ನೆಟ್ ಬ್ಯಾಂಕಿಂಗ್ ಮೂಲಕ ಇ-ವೆರಿಫೈ ಆಗುತ್ತದೆ. ಅದೂ ಆಗದಿದ್ದರೆ ಐಟಿಆರ್-ವಿ ಎಂಬ ದೃಢೀಕರಣ ಪತ್ರಕ್ಕೆ ಸಹಿ ಹಾಕಿ, ರಿಟರ್ನ್ ಸಲ್ಲಿಸಿದ 30 ದಿನದೊಳಗೆ ಆದಾಯ ತೆರಿಗೆ ಇಲಾಖೆಯ ರಿಟರ್ನ್ ಸಂಸ್ಕರಣಾ ಕೇಂದ್ರವಾದ ಬೆಂಗಳೂರಿನ ಸಿಪಿಸಿಗೆ ಮುಟ್ಟುವಂತೆ ಕಳಿಸಿ. ಕಾಗದ ಅಲ್ಲಿಂದ ಬರುವಷ್ಟರಲ್ಲಿ ಗಡುವು ಮುಗಿಯುವುದೂ ಉಂಟು, ಹಾಗಾಗಿ ಊರಿನ ಸಿಮ್‌ಗೆ ರೀಚಾರ್ಜ್ ಮಾಡಿಸುವ ಕೆಲಸವನ್ನು ಮನೆಯಲ್ಲಿ ಯಾರಿಗಾದರೂ ಹೊರಡುವ ಮುಂಚೆಯೇ ವಹಿಸಿಬಿಡಿ.