ಎಡಗಾಲು ನೆಲ ಬಿಡಲಿ

ಆಯುಧ ಪೂಜೆ ಮುಗಿದ ವಾರದಲ್ಲಿ ನಮ್ಮ ಗ್ಯಾರೇಜಿಗೆ ಒಂದು ಬಗೆಯ ಗಿರಾಕಿಗಳು ತಪ್ಪದೆ ಬರುತ್ತಾರೆ. ಗಾಡಿಯನ್ನು ಮಗನೋ ಭಾಮೈದನೋ ಓಡಿಸಿಕೊಂಡು ಬಂದಿರುತ್ತಾನೆ. ಯಜಮಾನರು ಹಿಂದೆ ಆಟೋದಲ್ಲಿ ಬಂದು, ಸೊಂಟ ಹಿಡಿದುಕೊಂಡು ಮೆಲ್ಲಗೆ ಇಳಿಯುತ್ತಾರೆ. "ಡಬಲ್ ಸ್ಟ್ಯಾಂಡ್ ತುಂಬಾ ಟೈಟಾಗಿದೆ, ಸ್ವಲ್ಪ ನೋಡಿ" ಅನ್ನುತ್ತಾರೆ.

ಮೈಸೂರಿನಲ್ಲಿ ಆ ದಿನ ಗಾಡಿ ತೊಳೆಯದ ಮನೆ ಕಡಿಮೆ. ವರ್ಷವಿಡೀ ಸೈಡ್ ಸ್ಟ್ಯಾಂಡಿನಲ್ಲೇ ನಿಂತ ಬುಲೆಟ್ಟು ಅವತ್ತು ಡಬಲ್ ಸ್ಟ್ಯಾಂಡ್ ಏರಬೇಕು. ನೆಲವೆಲ್ಲ ಸೋಪಿನ ನೀರು, ಕಾಲಲ್ಲಿ ಹವಾಯಿ ಚಪ್ಪಲಿ. ಗೇಟಿನ ಹತ್ತಿರ ಮನೆಯವರೆಲ್ಲ ಕುಂಬಳಕಾಯಿ, ನಿಂಬೆಹಣ್ಣು ಹಿಡಿದು ಕಾಯುತ್ತಿರುತ್ತಾರೆ. ಇವರು ಬಗ್ಗಿ, ಹಿಂದಿನ ಹಿಡಿಗೆ ಕೈ ಹಾಕಿ, ಉಸಿರು ಕಟ್ಟಿ ಎಳೆಯುತ್ತಾರೆ. ಗಾಡಿ ಒಂದಿಂಚು ಎದ್ದು ವಾಪಸ್ ಕೂರುತ್ತದೆ. ಎಲ್ಲರೂ ನೋಡುತ್ತಿದ್ದಾರಲ್ಲ, ಎರಡನೇ ಸಲ ಇನ್ನೂ ಜೋರಾಗಿ ಎಳೆಯುತ್ತಾರೆ. ಸೊಂಟ ಹಿಡಿಯುವುದು ಆಗಲೇ.

ಬುಲೆಟ್ ಕಂಪನಿಯಾದ ರಾಯಲ್ ಎನ್‌ಫೀಲ್ಡ್‌ನ ಈಗಿನ ಕ್ಲಾಸಿಕ್ 350 ತೂಕ 195 ಕೆಜಿ. ಹತ್ತಿರ ಹತ್ತಿರ ನಾಲ್ಕು ಮೂಟೆ ಸಿಮೆಂಟು. ನಾಲ್ಕು ಮೂಟೆಯನ್ನು ಒಟ್ಟಿಗೆ ಎತ್ತಿ ಅಂದರೆ ಯಾರೂ ಕೈ ಹಾಕುವುದಿಲ್ಲ. ಗಾಡಿಗೆ ಮಾತ್ರ ಹಾಕುತ್ತಾರೆ. ನನಗೆ ಬೇಜಾರಾಗುವುದು ಇಲ್ಲೇ. ಡಬಲ್ ಸ್ಟ್ಯಾಂಡ್ ಹಾಕುವುದು ಎತ್ತುವ ಕೆಲಸವೇ ಅಲ್ಲ. ತುಳಿಯುವ ಕೆಲಸ.

ಹೀಗೆ ಹೇಳಿದರೆ ಎಲ್ಲರೂ "ಗೊತ್ತು ಸಾರ್, ಕಾಲಲ್ಲೂ ಒತ್ತುತ್ತೇನೆ" ಅನ್ನುತ್ತಾರೆ. ಈ 'ಕಾಲಲ್ಲೂ' ಅನ್ನುವುದರಲ್ಲೇ ತಪ್ಪಿದೆ. ಬಲಗಾಲಿನಲ್ಲಿ ಒತ್ತುತ್ತಾರೆ, ನಿಜ. ಆದರೆ ಎಡಗಾಲು ನೆಲದ ಮೇಲೆ ಗಟ್ಟಿಯಾಗಿ ಊರಿರುತ್ತದೆ. 70 ಕೆಜಿ ಇರುವ ಮನುಷ್ಯ ಅರ್ಧ ಭಾರ ಎಡಗಾಲಿಗೆ ಬಿಟ್ಟರೆ ಸ್ಟ್ಯಾಂಡಿಗೆ ಸಿಗುವುದು 35 ಕೆಜಿ ಮಾತ್ರ. ಅಷ್ಟಕ್ಕೆ ಗಾಡಿ ಏಳುವುದಿಲ್ಲ. ಉಳಿದದ್ದನ್ನು ತೋಳು ಕೊಡಬೇಕು, ತೋಳು ಅದನ್ನು ಸೊಂಟದಿಂದ ತರಬೇಕು. ಅದೂ ಬಗ್ಗಿ ನಿಂತ ಸೊಂಟದಿಂದ. ತುಂಬಿದ ಕೊಡವನ್ನು ಸೊಂಟಕ್ಕೆ ಅಂಟಿಸಿಕೊಂಡು ಅರ್ಧ ಊರು ನಡೆಯಬಹುದು. ಅದೇ ಕೊಡವನ್ನು ಬಗ್ಗಿ, ಕೈ ಚಾಚಿ ಹಿಡಿಯಿರಿ. ಒಂದು ನಿಮಿಷಕ್ಕೆ ಬೆನ್ನು ಬೇಡ ಅನ್ನುತ್ತದೆ.

ಹಿಂದೆ ಹಳ್ಳಿಗಳಲ್ಲಿ ಏತದಿಂದ ನೀರು ಎತ್ತುತ್ತಿದ್ದರು. ಉದ್ದನೆ ಮರದ ಮೇಲೆ ಒಬ್ಬ ಮನುಷ್ಯ ಹಿಂದೆ ಮುಂದೆ ನಡೆಯುತ್ತಿದ್ದ. ಅವನ ಮೈಭಾರಕ್ಕೇ ಮರ ತಗ್ಗಿ, ಆ ಕಡೆ ತುದಿಯಲ್ಲಿ ನೀರು ಮೇಲೆ ಬರುತ್ತಿತ್ತು. ಅವನು ಒಂದು ಕಾಲನ್ನು ನೆಲದ ಮೇಲೇ ಇಟ್ಟುಕೊಂಡು ಏತ ತುಳಿಯಲು ಆಗುತ್ತಿತ್ತಾ? ಡಬಲ್ ಸ್ಟ್ಯಾಂಡೂ ಒಂದು ಸಣ್ಣ ಏತ ಅಂದುಕೊಳ್ಳಿ. ನೀವು ಅದರ ಮೇಲೆ ಹತ್ತಬೇಕು. ಪೂರ್ತಿ ಹತ್ತಬೇಕು. ಗಾಡಿ ಏಳುವ ಆ ಗಳಿಗೆಯಲ್ಲಿ ನಿಮ್ಮ ಎಡಗಾಲು ನೆಲ ಬಿಟ್ಟಿರಬೇಕು. ಎಡ ಹಿಮ್ಮಡಿ ನೆಲದಲ್ಲೇ ಇದ್ದರೆ ಕೆಲಸ ಮಾಡುತ್ತಿರುವುದು ನಿಮ್ಮ ಬೆನ್ನು ಅಂತ ತಿಳಿದು, ಅಲ್ಲಿಗೇ ಬಿಟ್ಟುಬಿಡಿ.

ಗೇರು ನ್ಯೂಟ್ರಲ್‌ನಲ್ಲಿರಲಿ, ಬ್ರೇಕ್ ಹಿಡಿಯಬೇಡಿ, ಇವೆಲ್ಲ ನಿಮಗೆ ಗೊತ್ತಿರುವುದೇ. ಸೈಡ್ ಸ್ಟ್ಯಾಂಡ್ ಬಿಟ್ಟೇ ಇರಲಿ. ಕೈ ತಪ್ಪಿ ಗಾಡಿ ನಿಮ್ಮ ಕಡೆ ವಾಲಿದರೆ ಅದು ತಡೆಯುತ್ತದೆ. ಗಾಡಿಯ ಎಡಕ್ಕೆ, ಗಾಡಿಗೆ ಮುಖ ಮಾಡಿ ಹತ್ತಿರ ನಿಲ್ಲಿ. ಎಡಗೈ ಹ್ಯಾಂಡಲ್ ಮೇಲೆ, ಬಲಗೈ ಹಿಂದಿನ ಹಿಡಿಯಲ್ಲಿ. ಬಲಗಾಲಿನಿಂದ ಸ್ಟ್ಯಾಂಡನ್ನು ನೆಲಕ್ಕೆ ಮುಟ್ಟಿಸಿ, ಗಾಡಿಯನ್ನು ನೆಟ್ಟಗೆ ಮಾಡಿ.

ಇಲ್ಲಿ ಅವಸರ ಬೇಡ. ಸ್ಟ್ಯಾಂಡಿಗೆ ಎರಡು ಪಾದ ಇವೆ. ಎರಡೂ ನೆಲಕ್ಕೆ ಕೂತಿರಬೇಕು. ಗಾಡಿಯನ್ನು ಮೆಲ್ಲಗೆ ಆ ಕಡೆ ಈ ಕಡೆ ಅಲುಗಾಡಿಸಿದರೆ 'ಟಕ್, ಟಕ್' ಅಂತ ಎರಡು ಸದ್ದು ಬರುತ್ತದೆ. ಎರಡೂ ಒಟ್ಟಿಗೆ ಕೂತಾಗ ಗಾಡಿ ಹಗುರಾದ ಹಾಗೆ ಅನ್ನಿಸುತ್ತದೆ, ಯಾವ ಕಡೆಗೂ ಎಳೆಯುವುದಿಲ್ಲ. ಒಂದೇ ಪಾದ ಕೂತಿರುವಾಗ ತುಳಿದರೆ ಗಾಡಿ ತಿರುಚಿಕೊಳ್ಳುತ್ತದೆ, ಅದರ ಜೊತೆ ನೀವೂ. ನಾನು ನೋಡಿದ ಹೆಚ್ಚಿನ ಸೊಂಟನೋವು ಈ ತಿರುಚಿನಿಂದ ಬಂದದ್ದು. ಎರಡೂ ಕೂತ ಮೇಲೆ ಬೆನ್ನು ನೆಟ್ಟಗೆ ಮಾಡಿ, ಮೆಟ್ಟಿಲು ಹತ್ತಿದ ಹಾಗೆ ಬಲಗಾಲಿನ ಮೇಲೆ ಎದ್ದು ನಿಲ್ಲಿ. ಗಾಡಿ ಹಿಂದಕ್ಕೆ ಉರುಳಿಕೊಂಡು ತಾನಾಗಿ ಏರುತ್ತದೆ. ಬಲಗೈ ಸುಮ್ನೆ ಇರಬೇಕು ಅಂತಲ್ಲ. ಗಾಡಿಯನ್ನು ಹಿಂದಕ್ಕೂ ಮೇಲಕ್ಕೂ ನಡೆಸಲಿ. ಆದರೆ ಭಾರ ಹೊರುವುದು ಅದರ ಕೆಲಸ ಅಲ್ಲ.

ನನಗೆ ಇದನ್ನು ಕಲಿಸಿದವರು ನಮ್ಮ ಉಸ್ತಾದ್. ಮೈಸೂರಿನ ಐಡಿಯಲ್ ಜಾವಾ ಬೈಕ್ ಕಾರ್ಖಾನೆ 1996ರಲ್ಲಿ ಮುಚ್ಚಿದ ಮೇಲೂ ಎಷ್ಟೋ ವರ್ಷ ಈ ಊರಿನ ಜಾವಾ, ಯಜ್ಡಿಗಳು ಅವರ ಕೈಯಲ್ಲೇ ಉಸಿರಾಡಿದವು. ತೆಳ್ಳಗಿನ ಮನುಷ್ಯ, 50 ಕೆಜಿ ದಾಟಿರಲಿಲ್ಲ. ಬುಲೆಟ್ ಬಂದರೆ ಒಂದು ಕೈ ಹ್ಯಾಂಡಲ್‌ಗೆ, ಒಂದು ಹಿಡಿಗೆ ಇಟ್ಟು ಟಕ್ಕಂತ ಎದ್ದು ನಿಲ್ಲುತ್ತಿದ್ದರು, ಅಷ್ಟೇ. ಗಾಡಿ ಸ್ಟ್ಯಾಂಡ್ ಮೇಲಿರುತ್ತಿತ್ತು. ನಾನು ಹದಿನೇಳರ ಹುಡುಗ, ತೋಳಿನ ಬಲ ತೋರಿಸಲು ಹೋಗುತ್ತಿದ್ದೆ. "ಬೇಟಾ, ಗಾಡಿ ಜೊತೆ ಕುಸ್ತಿ ಬೇಡ" ಅಂತ ನನ್ನ ಎಡ ಮೊಣಕಾಲಿನ ಹಿಂದೆ ಸ್ಪ್ಯಾನರ್‌ನಿಂದ ಮೆಲ್ಲಗೆ ತಟ್ಟುತ್ತಿದ್ದರು. ಕಾಲು ಮಡಚಿ ನೆಲ ಬಿಡುತ್ತಿತ್ತು. ಗಾಡಿ ಏರುತ್ತಿತ್ತು. ನಾನೂ ಈಗ ಹುಡುಗರಿಗೆ ಹಾಗೆಯೇ ಕಲಿಸುತ್ತೇನೆ.

ಹೋದ ವರ್ಷ ಒಬ್ಬರು ಟೀಚರ್ ತಮ್ಮ ಯಜಮಾನರ ಜೊತೆ ಬಂದಿದ್ದರು. ಗಾಡಿ ಅವರದೇ, ಓಡಿಸುವುದೂ ಅವರೇ. ಡಬಲ್ ಸ್ಟ್ಯಾಂಡ್ ಮಾತ್ರ ಯಜಮಾನರೇ ಹಾಕಿಕೊಡಬೇಕಿತ್ತು. ನಾನು ತೋರಿಸಿದೆ. ಮೊದಲ ಎರಡು ಸಲ ಎಡಗಾಲು ಬಿಡಲು ಹೆದರಿದರು. ಆ ಹೆದರಿಕೆ ಸಹಜವೇ. ಬಲಗಡೆ ನಮ್ಮ ಹುಡುಗನನ್ನು ನಿಲ್ಲಿಸಿದೆ. ಮೂರನೇ ಸಲಕ್ಕೆ ಗಾಡಿ ಮೇಲೆ. ಆಮೇಲೆ ಅವರು ಅದನ್ನು ಇಳಿಸಿ ಏರಿಸಿ, ಇಳಿಸಿ ಏರಿಸಿ, ಐದಾರು ಸಲ ಮಾಡಿದರು. ಅವರ ಮುಖ ನೋಡಿ ನನಗೂ ಖುಷಿಯಾಯಿತು. ನೀವೂ ಮೊದಲ ಸಲ ಬಲಗಡೆ ಒಬ್ಬರನ್ನು ನಿಲ್ಲಿಸಿಕೊಂಡೇ ಮಾಡಿ.

ಇಷ್ಟಾದರೂ ಏಳದಿದ್ದರೆ ಇನ್ನೂ ಜೋರು ಮಾಡಬೇಡಿ. ಗಾಡಿಯಲ್ಲೇ ಏನೋ ಇದೆ. ಹಿಂದಿನ ಟೈರಿನಲ್ಲಿ ಗಾಳಿ ಕಡಿಮೆ ಇದ್ದರೆ, ಶಾಕ್ ಅಬ್ಸಾರ್ಬರ್ ಸೋತಿದ್ದರೆ ಗಾಡಿ ತಗ್ಗಿರುತ್ತದೆ, ಏರಬೇಕಾದ ಎತ್ತರ ಜಾಸ್ತಿಯಾಗುತ್ತದೆ. ಹಿಂದೆ ಅಕ್ಕಿ ಮೂಟೆ, ಬ್ಯಾಗು ಇದ್ದರೆ ಮೊದಲು ಇಳಿಸಿ. ಟ್ಯಾಂಕ್ ಮೇಲೆ ಮಗುವನ್ನು ಕೂರಿಸಿಕೊಂಡೇ ಸ್ಟ್ಯಾಂಡ್ ಹಾಕುವವರನ್ನು ನೋಡಿದ್ದೇನೆ. ಅದನ್ನು ಕಂಡರೆ ನನಗೆ ಕೋಪ ತಡೆಯಲು ಆಗುವುದಿಲ್ಲ. ಮಗುವನ್ನು ಇಳಿಸಿ, ನಾಲ್ಕು ಹೆಜ್ಜೆ ದೂರ ನಿಲ್ಲಿಸಿ.

ಮುಕ್ಕಾಲು ಇಂಚಿನ ಪ್ಲೈವುಡ್ ತುಂಡು ಮನೆಯಲ್ಲಿದ್ದರೆ ಹಿಂದಿನ ಚಕ್ರವನ್ನು ಅದರ ಮೇಲೆ ಹತ್ತಿಸಿ, ಆಮೇಲೆ ಸ್ಟ್ಯಾಂಡ್ ಹಾಕಿ. ಅಷ್ಟು ಎತ್ತರ ಮೊದಲೇ ಸಿಕ್ಕಿತಲ್ಲ, ಕೆಲಸ ತುಂಬಾ ಹಗುರ. ಮಣ್ಣು ನೆಲದಲ್ಲಾದರೆ ಹಲಗೆ ಸ್ಟ್ಯಾಂಡಿನ ಪಾದದ ಕೆಳಗೆ ಬೇಕು, ಇಲ್ಲದಿದ್ದರೆ ಹೂತುಕೊಳ್ಳುತ್ತದೆ. ಮೂತಿ ಇಳಿಜಾರಿನ ಕಡೆ ಇದ್ದರೆ ಆ ಜಾಗವೇ ಬೇಡ. ಚಪ್ಪಲಿ ಬಿಟ್ಟು ಶೂ ಹಾಕಿ. ಕಾಲು ಜಾರಿ ಸ್ಟ್ಯಾಂಡಿನ ಕಬ್ಬಿಣ ಮೊಳಕಾಲಿಗೆ ಬಡಿದ ಗಾಯಕ್ಕೆ ಎಷ್ಟೋ ಸಲ ನಾನೇ ಅರಿಶಿನ ಹಚ್ಚಿದ್ದೇನೆ.

ನಾನು ಡಾಕ್ಟರಲ್ಲ, ಅದನ್ನೂ ಹೇಳಿಬಿಡುತ್ತೇನೆ. ಡಿಸ್ಕ್ ತೊಂದರೆ ಇದ್ದವರು, ಹರ್ನಿಯಾ ಇದ್ದವರು, ಆಪರೇಷನ್ ಆದವರು, ಗರ್ಭಿಣಿಯರು ಇದನ್ನು ಓದಿ ಪ್ರಯತ್ನಿಸುವುದು ಬೇಡ. ಪಕ್ಕದ ಮನೆ ಹುಡುಗನನ್ನು ಕರೆಯಿರಿ. ನೋವು ಕಾಲಿಗೆ ಇಳಿಯುತ್ತಿದ್ದರೆ, ಕಾಲು ಜೋಮು ಹಿಡಿದರೆ ಗ್ಯಾರೇಜಿಗಲ್ಲ, ಆಸ್ಪತ್ರೆಗೆ ಹೋಗಿ.

ಇನ್ನು ಆ "ಟೈಟಾಗಿದೆ" ಅನ್ನುವ ದೂರು. ಕೆಲವೊಮ್ಮೆ ಅದು ನಿಜವೇ. ವರ್ಷಕ್ಕೊಮ್ಮೆ ಅಲುಗಾಡುವ ಸ್ಟ್ಯಾಂಡಿನ ಬೋಲ್ಟು ಕೆಸರು ತಿಂದು ಒಣಗಿರುತ್ತದೆ. ಗಾಡಿಯನ್ನು ಡಬಲ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಮೇಲೆ ಕೂತು ಕಿಕ್ ಹೊಡೆಯುವ ಅಭ್ಯಾಸ ಇದ್ದರೆ ಸ್ಟ್ಯಾಂಡಿನ ಕಾಲುಗಳು ಸೊಟ್ಟಗಾಗಿರುತ್ತವೆ. ಮುಂದಿನ ಸರ್ವಿಸ್‌ಗೆ ಗಾಡಿ ಬಿಡುವಾಗ ಸ್ಟ್ಯಾಂಡ್ ಬಿಚ್ಚಿ, ತೊಳೆದು, ಗ್ರೀಸ್ ಹಾಕಿ ಅಂತ ನಿಮ್ಮ ಮೆಕ್ಯಾನಿಕ್‌ಗೆ ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಸಾಮಾನ್ಯವಾಗಿ ಯಾರೂ ಮಾಡುವುದಿಲ್ಲ. ಹಬ್ಬಕ್ಕೆ ಎರಡು ವಾರ ಮೊದಲೇ ತಂದರೆ ಇನ್ನೂ ಒಳ್ಳೆಯದು, ಆಮೇಲೆ ನಮ್ಮಲ್ಲೂ ಗಾಡಿ ನಿಲ್ಲಿಸಲು ಜಾಗ ಇರುವುದಿಲ್ಲ.